ಸಾವಿರ ಕೋಟಿವರೆಗಿನ ‘ವರ್ಗ+1’ ಅವಿಭಾಜ್ಯಗಳು: ಹಳೇ ಲ್ಯಾಪ್‌ಟಾಪಲ್ಲೇ ಎಣಿಸಿದ್ದು

“ದೊಡ್ಡ ಸರ್ವರ್ ಇಲ್ಲದೆ ಆಗೋ ಕೆಲಸ ಅಲ್ಲ, ಬಿಡೋ” ಅಂತ ಕೆಲವರು ಅಂದಿದ್ದರು. ಆಯ್ತು. ಸಾವಿರ ಕೋಟಿವರೆಗಿನ ಪ್ರತಿ ಸಂಖ್ಯೆಯ ವರ್ಗಕ್ಕೆ 1 ಕೂಡಿಸಿ, ಅವುಗಳಲ್ಲಿ ಅವಿಭಾಜ್ಯ ಎಷ್ಟು ಅಂತ ನನ್ನ 8 ಜಿಬಿ ಲ್ಯಾಪ್‌ಟಾಪಲ್ಲೇ ಎಣಿಸಿದೆ. ಒಂದೂವರೆ ಗಂಟೆ ಹಿಡಿದಿರಬೇಕು.

ಮೊದಲು ಪೈಥಾನ್‌ನಲ್ಲಿ ಒಂದೊಂದಕ್ಕೂ ಮಿಲ್ಲರ್-ರೇಬಿನ್ (ಸಂಖ್ಯೆ ಅವಿಭಾಜ್ಯವೇ ಅಂತ ನೋಡುವ ಪರೀಕ್ಷೆ) ಹಚ್ಚಿದ್ದೆ. ರಾತ್ರಿಯಿಡೀ ಫ್ಯಾನ್ ಕೂಗಿದ್ದೇ ಬಂತು. ಆಮೇಲೆ ಗಣಿತಜ್ಞ ಡೇನಿಯಲ್ ಶ್ಯಾಂಕ್ಸ್‌ನ 1959ರ ಜರಡಿ (ಅವಿಭಾಜ್ಯಗಳನ್ನು ಸೋಸಿ ತೆಗೆಯುವ ವಿಧಾನ) ಹಿಡಿದೆ. ಎಲ್ಲ ಮೌಲ್ಯಗಳನ್ನೂ ಸಾಲಾಗಿಟ್ಟು ಭಾಗಿಸುತ್ತ ಹೋದರೆ ಅವಿಭಾಜ್ಯಗಳು ತಾವಾಗಿಯೇ ಉದುರುತ್ತವೆ, ಬಲು ಚೆಂದ. ಆದರೆ 429 ಕೋಟಿ ದಾಟಿದ ಮೇಲೆ ವರ್ಗ 64 ಬಿಟ್‌ನಲ್ಲಿ ಹಿಡಿಸಲ್ಲ. 128 ಬಿಟ್‌ಗೆ ಹೋದರೆ ಬರೀ ಸಮಸಂಖ್ಯೆಗಳಿಗೇ (ಬೆಸಸಂಖ್ಯೆಯ ವರ್ಗ+1 ಸಮವೇ ಆಗುತ್ತೆ, 1 ಒಂದು ಬಿಟ್ಟು ಅವು ಬೇಡ) 80 ಜಿಬಿ. ಬಾಡಿಗೆಗೆ ಹಿಡಿದ 64 ಜಿಬಿ ಕ್ಲೌಡ್ ಮಷೀನು ಎರಡು ಸಾವಿರ ಚಿಲ್ಲರೆ ರೂಪಾಯಿ ನುಂಗಿ ನೀರು ಕುಡಿಯಿತು. ಉತ್ತರ ಮಾತ್ರ ಕೊಡಲಿಲ್ಲ.

ಕೊನೆಗೆ ಮೌಲ್ಯ ಇಟ್ಟುಕೊಳ್ಳುವುದನ್ನೇ ಬಿಟ್ಟೆ. ಒಂದು ಸಮಸಂಖ್ಯೆಗೆ ಒಂದೇ ಬಿಟ್: ಒಟ್ಟು 625 ಎಂಬಿ. ನಾಲ್ಕರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳಷ್ಟೇ ಇಲ್ಲಿ ಕೆಲಸಕ್ಕೆ ಬರೋದು, ಪ್ರತಿಯೊಂದಕ್ಕೂ ಎರಡು ಬೇರು (ಅಂದರೆ ಯಾವುದರ ವರ್ಗ+1ನ್ನು ಆ ಅವಿಭಾಜ್ಯ ಭಾಗಿಸುತ್ತೋ, ಅದಕ್ಕಿಂತ ಚಿಕ್ಕದಾದ ಅಂಥ ಸಂಖ್ಯೆ). 17ಕ್ಕೆ 4 ಮತ್ತು 13. 4²+1 ಅಂದರೆ 17 ತಾನೇ, ಅದನ್ನು ಮುಟ್ಟಬಾರದು. 13 ಬೆಸ, ಅದಕ್ಕೇ 13+17=30; 30²+1=901, ಅಂದರೆ 17×53, ಅಳಿಸಿ. ಅಲ್ಲಿಂದ 34ರಂತೆ ಹಾರಿ 64, 98 ಅಳಿಸಿ. 4ರ ಕಡೆಯಿಂದ 38, 72. ಸಣ್ಣ ಅವಿಭಾಜ್ಯಗಳನ್ನು ಪ್ರೊಸೆಸರ್ ಪಕ್ಕದ ಪುಟ್ಟ ಮೆಮೊರಿಯಾದ ಕ್ಯಾಶ್‌ಗೆ ಹಿಡಿಸುವಷ್ಟು ತುಂಡು ತುಂಡಾಗಿ ಓಡಿಸಿ, ಇಲ್ಲದಿದ್ದರೆ ಸಂಜೆಯಾಗುತ್ತೆ.

ಬೇರು ಹುಡುಕೋದೇ ನಿಜವಾದ ಖರ್ಚು. ಅವಿಭಾಜ್ಯವನ್ನು ಎಂಟರಿಂದ ಭಾಗಿಸಿ 5 ಉಳಿದರೆ, 2ರ ಒಂದು ಘಾತವನ್ನು ಅದೇ ಅವಿಭಾಜ್ಯದಿಂದ ಭಾಗಿಸಿದಾಗ ಉಳಿಯುವ ಶೇಷದಲ್ಲೇ ಬೇರು ಸಿಗುತ್ತೆ. 1 ಉಳಿಯುವವಕ್ಕೆ ನಾನು ಮಾಡಿದ ಉಪಾಯ ಸದ್ಯಕ್ಕೆ ನನ್ನ ಜೇಬಿನಲ್ಲೇ ಇರಲಿ.

ಹತ್ತು ಲಕ್ಷದವರೆಗೆ 54,110 ಬರಬೇಕು, ಬಂತು. ಸಾವಿರ ಕೋಟಿಗೆ 31 ಕೋಟಿ 23 ಲಕ್ಷ ಚಿಲ್ಲರೆ. ಗಣಿತಜ್ಞರಾದ ಹಾರ್ಡಿ-ಲಿಟಲ್‌ವುಡ್ 1923ರಲ್ಲಿ ಹಾಕಿಕೊಟ್ಟ ಅಂದಾಜೂ ಅಷ್ಟೇ ಹೇಳುತ್ತೆ. ಇವು ಮುಗಿಯದೆ ಬರುತ್ತಲೇ ಇರುತ್ತವೆ ಅನ್ನೋದಕ್ಕೆ ಇಂದಿಗೂ ರುಜುವಾತು ಇಲ್ಲ. 1912ರಲ್ಲಿ ಗಣಿತಜ್ಞ ಲ್ಯಾಂಡೌ ಎತ್ತಿದ ಪ್ರಶ್ನೆ ಹಾಗೇ ಕೂತಿದೆ.

ಸುಮ್ಮನಿರಲಾರದೆ +1ರ ಜಾಗಕ್ಕೆ +7 ಹಾಕಿದೆ. ಬೇರು ಹುಡುಕುವ ಭಾಗವನ್ನು ಪೂರ್ತಿ ಬದಲಾಯಿಸಬೇಕಾಯ್ತು, ಅದಕ್ಕೆ ನೂರು ಕೋಟಿಗೇ ನಿಲ್ಲಿಸಿದೆ. ಅಲ್ಲಿಗೆ +1ಕ್ಕೆ ಮೂರೂವರೆ ಕೋಟಿ, +7ಕ್ಕೆ ಹತ್ತಿರ ಹತ್ತಿರ ಐದು! ವರ್ಗ+7ನ್ನು 3 ಆಗಲಿ 5 ಆಗಲಿ ಎಂದೂ ಭಾಗಿಸಲ್ಲವಲ್ಲ. +2ರಲ್ಲಿ ಇದರ ಉಲ್ಟಾ: ಮೂರರ ಮಗ್ಗಿಯಲ್ಲಿರುವ ಬೆಸಸಂಖ್ಯೆ ಬಿಟ್ಟರೆ ಮಿಕ್ಕಿದ್ದೆಲ್ಲ ಮೊದಲೇ ಔಟ್ (1²+2=3 ಒಂದು ಬಿಟ್ಟು). ಎರಡು ಕೋಟಿಯೂ ಮುಟ್ಟಲಿಲ್ಲ.