ಕವರ್ ಹಾಡಿಗೆ ಕಾಗದ ಮಾಡಿಸಿದ ಕತೆ

"ಒಂದು ಕವರ್ ಹಾಕ್ಲಿಕ್ಕೆ ಯಾರಾದ್ರೂ ಪರ್ಮಿಷನ್ ಕೇಳ್ತಾರಾ ಮಾರಾಯ್ರೆ?" ಅಂತ ನಮ್ಮ ಆರ್ಕೆಸ್ಟ್ರಾದ ತಬಲದವರು ನಗಾಡಿದ್ದರು. ಕವರ್ ಅಂದರೆ ಬೇರೆಯವರ ಹಾಡನ್ನು ನಾವು ಮತ್ತೆ ಹಾಡಿ ರೆಕಾರ್ಡ್ ಮಾಡುವುದು. ಈಗ ನನ್ನ ತುಳು ಕವರ್ ಬಂದು ನಾಲ್ಕು ತಿಂಗಳಾಯಿತು, ಹಕ್ಕು ನಮ್ಮದು ಅಂತ ಯಾರದ್ದೂ ಒಂದು ಕ್ಲೇಮ್ ಇಲ್ಲ.

ಮೊದಲ ಪೆಟ್ಟು ಕರೋಕೆಯದ್ದು. ದುಡ್ಡು ಕೊಟ್ಟು ಟ್ರ್ಯಾಕ್ ತಗೊಂಡೆನಲ್ಲ, ನನ್ನದೇ ಆಯಿತು ಅಂದುಕೊಂಡೆ. ಸ್ಟುಡಿಯೋ, ಮಿಕ್ಸಿಂಗ್, ಮಲ್ಪೆ ಬೀಚಿನಲ್ಲಿ ವಿಡಿಯೋ, ಎಲ್ಲ ಸೇರಿ 14 ಸಾವಿರದ ಹತ್ತಿರ. ಎರಡೇ ದಿನಕ್ಕೆ ಕ್ಲೇಮ್ ಬಿತ್ತು. ಹಾಡನ್ನು ಮ್ಯೂಸಿಕ್ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್ ಕೂಡ ರಿಲೀಸ್ ವಾಪಸ್ ಕಳಿಸಿದರು. ಬಿಲ್ಲಿನ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು: ಅಭ್ಯಾಸಕ್ಕೆ ಮಾತ್ರ.

ಆಮೇಲೆ ಹಿಡಿದದ್ದು 31ಸಿ ಹುಚ್ಚು. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ ಕಲಮು. ಹಾಡು ಮೊದಲು ರೆಕಾರ್ಡಾದ ವರ್ಷ ಮುಗಿದು 5 ವರ್ಷ ದಾಟಿದ್ದರೆ, ನೋಟಿಸ್ ಕೊಟ್ಟು, ರಾಯಲ್ಟಿ ಮುಂಗಡ ಕಟ್ಟಿ ಕವರ್ ಮಾಡಬಹುದು. ಕುಣಿದೇ ಬಿಟ್ಟೆ. ಮುಂದೆ ಓದಿದರೆ, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ರಾಯಲ್ಟಿ! ನನ್ನ ಹಿಂದಿನ ಹಾಡಿಗೆ ಬಂದ ವ್ಯೂ ಸುಮಾರು 900. ವಕೀಲರಿಗೆ ಕೊಟ್ಟ ಎರಡೂವರೆ ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಕೊನೆಗೆ ಉಲ್ಟಾ ಹೊರಟೆ, ಮೊದಲು ಕಾಗದ, ಆಮೇಲೆ ಮೈಕ್. ಹಳೇ ಕ್ಯಾಸೆಟ್ಟಿನ ಹೆಸರು ಹಿಡಿದು ಸಾಹಿತ್ಯ, ಸಂಗೀತದ ಹಕ್ಕು ಈಗ ಯಾರ ಹತ್ತಿರ ಉಂಟು ಅಂತ ಹುಡುಕಿದೆ. ಮೂರು ಕೈ ದಾಟಿತ್ತು. ಆರು ಮೇಲ್‌ಗೆ ಉತ್ತರವೇ ಇಲ್ಲ, ಏಳನೆಯದಕ್ಕೆ ಮಧ್ಯಾಹ್ನದೊಳಗೆ ಫೋನ್ ಬಂತು. ಅದರಲ್ಲಿ ಏನು ಬರೆದಿದ್ದೆ ಅಂತ ಹೇಳುವುದಿಲ್ಲ. 6 ಸಾವಿರಕ್ಕೆ ಮಾತು ಮುಗಿಯಿತು. ಆಡಿಯೋಗೆ ಅನುಮತಿ ಸಿಕ್ಕಿದರೆ ವಿಡಿಯೋಗೂ ಸಿಕ್ಕಿತು ಅಂತಲ್ಲ, ಎರಡನ್ನೂ ಬೇರೆ ಬೇರೆ ಬರೆಸಿಕೊಂಡೆ. ವಾದ್ಯವೆಲ್ಲ ನಮ್ಮವರೇ ನುಡಿಸಿದ್ದು. ಮೂಲ ರೆಕಾರ್ಡಿನ ಒಂದು ಚೂರೂ ಮುಟ್ಟಲಿಲ್ಲ, ಅದರ ಹಕ್ಕೇ ಬೇರೆ.

ನಡುವೆ ದಾಸರ ಪದಕ್ಕೂ ಕೈಹಾಕಿ ಸುಟ್ಟುಕೊಂಡೆ. ಪುರಂದರದಾಸರು ರಾಯಲ್ಟಿ ಕೇಳುವುದಿಲ್ಲ, ಸರಿ. ಆದರೆ ನಾನು ಹಾಡಿದ ಮಟ್ಟು ಕ್ಯಾಸೆಟ್ ಕಾಲದವರೊಬ್ಬರು ಕೂರಿಸಿದ್ದಂತೆ! ಈಗ ಮಂಜೇಶ್ವರದ ಗೋವಿಂದ ಪೈಗಳ ಪದ್ಯವೊಂದಕ್ಕೆ ಸ್ವಂತ ಮಟ್ಟು ಕಟ್ಟುತ್ತಿದ್ದೇನೆ. ಅವರು ತೀರಿಕೊಂಡದ್ದು 1963ರಲ್ಲಿ, ಬರೆದವರು ತೀರಿದ ಮೇಲೂ ಕಾಪಿರೈಟ್ ಉಳಿಯುವ 60 ವರ್ಷದ ಲೆಕ್ಕ 2023ರ ಕೊನೆಗೆ ಮುಗಿಯಿತು. ಅವರಿರುವಾಗಲೇ ಅಚ್ಚಾದ ಪದ್ಯವನ್ನೇ ಆರಿಸಿದ್ದೇನೆ, ತೀರಿಹೋದ ಮೇಲೆ ಬಂದದ್ದಕ್ಕೆ ಲೆಕ್ಕ ಬೇರೆ.

ಮೊನ್ನೆ ತಬಲದವರು ಮನೆಗೆ ಬಂದು ಮೆತ್ತಗೆ, "ಆ ಏಳನೇ ಮೇಲ್ ಒಮ್ಮೆ ತೋರಿಸ್ತೀರಾ?" ಅಂದರು. ಚಾ ಕುಡಿಸಿ ಕಳಿಸಿದೆ.