ಇವಿಎಂ ಮೇಲೆ ಅನುಮಾನ ಇರುವ ಏಜೆಂಟರ ಜೊತೆ ಮತಗಟ್ಟೆ ನಡೆಸುವುದು: ನನ್ನ ಅನುಭವ

ನಾನು ಸರ್ಕಾರಿ ಪ್ರೌಢಶಾಲೆಯ ಮೇಷ್ಟ್ರು. ಚುನಾವಣೆ ಬಂತು ಅಂದರೆ ಪಿಆರ್‌ಒ ಡ್ಯೂಟಿ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಕೆಲಸ, ಹೆಚ್ಚುಕಮ್ಮಿ ಗ್ಯಾರಂಟಿ. ಮೊದಲೆಲ್ಲ ಪಕ್ಷಗಳ ಏಜೆಂಟರು ಬಂದ ಕೂಡಲೇ ಮತದಾರರ ಪಟ್ಟಿ ಬಗ್ಗೆ ಕೇಳುತ್ತಿದ್ದರು. ಯಾರು ಸತ್ತಿದ್ದಾರೆ, ಯಾರು ಊರು ಬಿಟ್ಟಿದ್ದಾರೆ ಅಂತ. ಈಗ ಮೊದಲ ಮಾತೇ ಮಿಷನ್ ಬಗ್ಗೆ. "ಸಾರ್, ಯಾವ ಬಟನ್ ಒತ್ತಿದ್ರೂ ಒಬ್ರಿಗೇ ಹೋಗುತ್ತಂತೆ, ನಿಜಾನಾ?"

ಇದಕ್ಕೆ ತರಬೇತಿಯಲ್ಲಿ ಕಲಿಸುವ ಉತ್ತರ ನಮಗೆಲ್ಲ ಬಾಯಿಪಾಠ. ಮಿಷನ್ ಇಂಟರ್ನೆಟ್‌ಗೆ ಸೇರಿಲ್ಲ, ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಒಳಗಿನ ಪ್ರೋಗ್ರಾಂ ಬದಲಾಯಿಸಲು ಆಗುವುದಿಲ್ಲ. ಈ ಉತ್ತರ ಕೊಡುವುದನ್ನು ನಾನು ಬಿಟ್ಟಿದ್ದೇನೆ. ಯಾಕೆಂದರೆ ಕೇಳಿದವನಿಗೂ ಮಿಷನ್ ಒಳಗೆ ಏನಿದೆ ಅಂತ ಕಾಣುವುದಿಲ್ಲ, ನನಗೂ ಕಾಣುವುದಿಲ್ಲ. ಕಾಣದ ವಿಷಯಕ್ಕೆ ನಾನು ಜಾಮೀನು ನಿಂತರೆ ಅವನ ಅನುಮಾನ ಇನ್ನೂ ಜಾಸ್ತಿಯಾಗುತ್ತದೆ. ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಹೇಳಿದ್ದು ಇದೇ ಮಾತು. ಮತದಾನ ಮತ್ತು ಎಣಿಕೆಯ ಮುಖ್ಯ ಹಂತಗಳನ್ನು ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಮನುಷ್ಯ ತಾನೇ ಪರೀಕ್ಷಿಸುವಂತಿರಬೇಕು ಅಂತ. ಆ ತೀರ್ಪಿನಿಂದ ಅಲ್ಲಿ ಮತಯಂತ್ರಗಳ ಬಳಕೆ ನಿಂತಿತು. ನಮ್ಮಲ್ಲಿ ಯಂತ್ರ ಉಳಿದಿದೆ, ಜೊತೆಗೆ ಕಾಗದವೂ ಸಾಕಷ್ಟಿದೆ. ಅನುಮಾನ ಪಡುವವನನ್ನು ಆ ಕಾಗದದ ಹತ್ತಿರ ಕರೆದು ಕೂರಿಸುವುದೇ ನನ್ನ ಕೆಲಸ ಅಂತ ನಾನು ತಿಳಿದಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಬೆಳಗಿನ ಮಾಕ್ ಪೋಲ್, ಅಂದರೆ ಮಿಷನ್ ಪರೀಕ್ಷಿಸಲು ಮಾಡುವ ಅಣಕು ಮತದಾನ. ಮತದಾನ ಏಳಕ್ಕೆ ಅಂದರೆ ಮಾಕ್ ಪೋಲ್ ಐದೂವರೆಗೆ. ಏಜೆಂಟರಿಗೆ ಹಿಂದಿನ ದಿನ ಸಂಜೆಯೇ ಹೇಳಿಕಳಿಸುತ್ತೇನೆ. ಆದರೂ ಅಷ್ಟು ಬೇಗ ಬರುವವರು ಕಡಿಮೆ. ಯಾರೂ ಬರದಿದ್ದರೆ ಹದಿನೈದು ನಿಮಿಷ ಕಾದು ನಮ್ಮ ಸಿಬ್ಬಂದಿಯನ್ನೇ ಇಟ್ಟುಕೊಂಡು ಮಾಡಬಹುದು ಅಂತ ನಿಯಮ ಇದೆ. ನಾನು ಆ ಹದಿನೈದು ನಿಮಿಷದಲ್ಲಿ ಫೋನ್ ಮೇಲೆ ಫೋನ್ ಮಾಡಿ ಕರೆಸುತ್ತೇನೆ. ಏಜೆಂಟರು ಇಲ್ಲದೆ ಮಾಡಿದ ಮಾಕ್ ಪೋಲ್‌ನಿಂದ ಮಿಷನ್ ಸರಿಯಿದೆ ಅಂತ ನನಗೆ ಗೊತ್ತಾಗಬಹುದು, ಊರಿಗೆ ಗೊತ್ತಾಗುವುದಿಲ್ಲ.

ಅವರು ಬಂದ ಮೇಲೆ ಮೊದಲು ನಂಬರ್ ಓದಿಸುತ್ತೇನೆ. ವೋಟಿನ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್, ಬಟನ್ ಒತ್ತುವ ಬ್ಯಾಲೆಟ್ ಯೂನಿಟ್, ಯಾರಿಗೆ ವೋಟು ಬಿತ್ತು ಅಂತ ಚೀಟಿ ಮುದ್ರಿಸುವ ವಿವಿಪ್ಯಾಟ್, ಮೂರರ ಮೇಲೂ ನಂಬರ್ ಇರುತ್ತದೆ. ಯಾವ ಬೂತಿಗೆ ಯಾವ ಮಿಷನ್ ಅಂತ ಚೀಟಿ ಎತ್ತಿದ ಹಾಗೆ ಹಂಚುವ ಎರಡು ಸುತ್ತಿನ ರ‍್ಯಾಂಡಮೈಸೇಷನ್ ಆದ ಮೇಲೆ ಪಟ್ಟಿಯನ್ನು ಅಭ್ಯರ್ಥಿಗಳಿಗೆ ಕೊಟ್ಟಿರುತ್ತಾರೆ. ಆ ಪಟ್ಟಿ ಕೈಯಲ್ಲಿ ಹಿಡಿದು ಬರುವ ಏಜೆಂಟರು ಬೆರಳೆಣಿಕೆಯಷ್ಟು. ಪಕ್ಷದ ಆಫೀಸಿನಲ್ಲೇ ಅದು ಉಳಿದುಬಿಡುತ್ತದೆ. "ಮಿಷನ್ ಬದಲಾಯಿಸಿದ್ದಾರೆ" ಅನ್ನುವ ಮಾತಿಗೆ ಇರುವ ಅತಿ ಸುಲಭದ ಪರೀಕ್ಷೆ ಅದು, ಅದನ್ನೇ ಮಾಡುವುದಿಲ್ಲ.

ಆಮೇಲೆ ವಿವಿಪ್ಯಾಟ್‌ನ ಚೀಟಿ ಬೀಳುವ ಡಬ್ಬಿ ತೆಗೆದು, ಖಾಲಿ ಇದೆ ಅಂತ ತೋರಿಸುತ್ತೇನೆ. ಟೋಟಲ್ ಬಟನ್ ಒತ್ತಿ ಸೊನ್ನೆ ತೋರಿಸುತ್ತೇನೆ. ಇಲ್ಲಿ ಒಂದು ಸಣ್ಣ ವಿಷಯ ಮೊದಲೇ ಹೇಳಿಬಿಡಬೇಕು. ಮಿಷನ್ ಆನ್ ಮಾಡಿದ ಕೂಡಲೇ ವಿವಿಪ್ಯಾಟ್ ತನ್ನನ್ನು ತಾನೇ ಪರೀಕ್ಷಿಸಿಕೊಂಡು 7 ಚೀಟಿ ಮುದ್ರಿಸಿ ಡಬ್ಬಿಗೆ ಬೀಳಿಸುತ್ತದೆ. ಅವು ವೋಟಲ್ಲ. ಇದನ್ನು ಹೇಳದೆ ಬಿಟ್ಟರೆ ಕೊನೆಗೆ ಎಣಿಸುವಾಗ 50 ಇರಬೇಕಾದ ಕಡೆ 57 ಚೀಟಿ ಸಿಗುತ್ತದೆ. ಅಷ್ಟು ಸಾಕು, ಬೆಳಿಗ್ಗೆ ಎಂಟರೊಳಗೆ ಊರೆಲ್ಲ ಸುದ್ದಿ.

ಮಾಕ್ ಪೋಲ್‌ನಲ್ಲಿ ಕನಿಷ್ಠ 50 ವೋಟು ಹಾಕಿಸಬೇಕು. ಎಲ್ಲ ಅಭ್ಯರ್ಥಿಗಳಿಗೂ ಬೀಳಬೇಕು, ನೋಟಾಕ್ಕೂ ಬೀಳಬೇಕು. ನಮ್ಮ ಬೂತುಗಳು ಇರುವುದೇ ಶಾಲೆಗಳಲ್ಲಿ, ಗೋಡೆಯಲ್ಲಿ ಬೋರ್ಡ್ ಇದ್ದೇ ಇರುತ್ತದೆ. ನಾನು ಅದರ ಮೇಲೆ ಕ್ರಮಸಂಖ್ಯೆ ಮಾತ್ರ ಬರೆಯುತ್ತೇನೆ. ಏಜೆಂಟರು ಒಬ್ಬೊಬ್ಬರಾಗಿ ಹೋಗಿ ತಮಗೆ ಬೇಕಾದ ಬಟನ್ ಒತ್ತುತ್ತಾರೆ, ಯಾವುದು ಒತ್ತಿದೆ ಅಂತ ಜೋರಾಗಿ ಹೇಳುತ್ತಾರೆ. ನಾನು ಆ ನಂಬರಿನ ಮುಂದೆ ಒಂದು ಗೀಟು ಎಳೆಯುತ್ತೇನೆ. ಅನುಮಾನ ಜಾಸ್ತಿ ಇರುವವನಿಗೇ ಜಾಸ್ತಿ ಸಲ ಒತ್ತಲು ಬಿಡುತ್ತೇನೆ. ಒಬ್ಬ ಹುಡುಗ ಒಂದೇ ಬಟನ್ ಮತ್ತೆ ಮತ್ತೆ ಒತ್ತಿದ. ನಡುವೆ ಇದ್ದಕ್ಕಿದ್ದಂತೆ ಬೇರೆಯದು ಒತ್ತಿದ, ಮಿಷನ್ ತಪ್ಪು ಮಾಡುತ್ತದಾ ನೋಡೋಣ ಅಂತ. ಒತ್ತಲಿ, ಅದಕ್ಕೇ ತಾನೇ ಇರುವುದು ಮಾಕ್ ಪೋಲ್.

ನಂತರ ಕ್ಲೋಸ್ ಬಟನ್, ಆಮೇಲೆ ರಿಸಲ್ಟ್ ಬಟನ್. ಪರದೆ ಮೇಲೆ ಒಬ್ಬೊಬ್ಬರ ವೋಟು ಬರುತ್ತಾ ಹೋಗುತ್ತದೆ, ಬೋರ್ಡಿನ ಗೀಟಿಗೆ ತಾಳೆ ನೋಡುತ್ತೇವೆ. ವಿವಿಪ್ಯಾಟ್ ಚೀಟಿಗಳನ್ನು ಎಣಿಸುವ ಕೆಲಸ ನಾನು ಮಾಡುವುದಿಲ್ಲ, ಏಜೆಂಟರ ಕೈಗೇ ಕೊಡುತ್ತೇನೆ. ಮೂರೂ ಲೆಕ್ಕ ಒಂದೇ ಬಂದಾಗ ಮುಖದಲ್ಲಿ ಸಮಾಧಾನ ಕಾಣುತ್ತದೆ. ನಾನು ಹೇಳಿದ್ದನ್ನು ಅವರು ನಂಬಿದರು ಅಂತಲ್ಲ. ಅವರೇ ಒತ್ತಿದರು, ಅವರೇ ಎಣಿಸಿದರು. ಕೊನೆಗೆ ಬೋರ್ಡ್ ಒರೆಸಿಬಿಡುತ್ತೇನೆ, ಮತದಾರ ಒಳಗೆ ಬರುವ ಹೊತ್ತಿಗೆ ಅಲ್ಲಿ ಒಂದು ಅಂಕಿಯೂ ಇರಬಾರದು.

ಇದಾದ ಮೇಲಿನ ಕ್ಲಿಯರ್ ಬಟನ್ ಇಡೀ ದಿನದ ಅತಿ ಮುಖ್ಯ ಬಟನ್. ಅಣಕು ವೋಟು ಅಳಿಸದೆ ಅಸಲಿ ಮತದಾನ ಶುರು ಮಾಡಿದರೆ ಎಣಿಕೆ ದಿನ ಲೆಕ್ಕ ಹೊಂದುವುದಿಲ್ಲ. ದೇಶದಲ್ಲಿ ಅಲ್ಲಲ್ಲಿ ಹೀಗೆ ಆಗಿರುವುದುಂಟು. ಅದಕ್ಕೇ ಕ್ಲಿಯರ್ ಒತ್ತಿದ ಮೇಲೆ ಟೋಟಲ್ ಮತ್ತೊಮ್ಮೆ ಒತ್ತಿ, ಸೊನ್ನೆಯನ್ನು ಪ್ರತಿ ಏಜೆಂಟರೂ ಬಾಯಿಬಿಟ್ಟು ಓದುವಂತೆ ಮಾಡುತ್ತೇನೆ. ಅಣಕು ಚೀಟಿಗಳ ಹಿಂದೆ ಮಾಕ್ ಪೋಲ್ ಅಂತ ಮೊಹರು ಹಾಕಿ ಕಪ್ಪು ಲಕೋಟೆಗೆ ಸೇರಿಸಿ ಸೀಲ್ ಮಾಡುತ್ತೇವೆ. ಕಂಟ್ರೋಲ್ ಯೂನಿಟ್‌ನ ರಿಸಲ್ಟ್ ಭಾಗಕ್ಕೆ ಹಸಿರು ಪೇಪರ್ ಸೀಲ್ ಹಾಕುವ ಮೊದಲು ಅದರ ಬಿಳಿ ಬದಿಯಲ್ಲಿ ಏಜೆಂಟರ ಸಹಿ. ಆ ಸೀಲಿನ ಮೇಲೂ ನಂಬರ್ ಇರುತ್ತದೆ. "ಬರ್ಕೊಳ್ಳಿ, ಫೋಟೋ ತೆಗೆಯೋ ಹಾಗಿಲ್ಲ, ಪೆನ್ನಿನಲ್ಲಿ ಬರ್ಕೊಳ್ಳಿ" ಅಂತ ಹೇಳಿ, ಬರೆಯುವವರೆಗೂ ಕಾಯುತ್ತೇನೆ.

ದಿನದ ನಡುವೆ ಬರುವ ಗಲಾಟೆಗಳಲ್ಲಿ ಹೆಚ್ಚಿನವು ಆ ಏಳು ಸೆಕೆಂಡಿನವು. ವಿವಿಪ್ಯಾಟ್‌ನ ಗಾಜಿನ ಹಿಂದೆ ಚೀಟಿ ಕಾಣುವುದು ಸುಮಾರು 7 ಸೆಕೆಂಡು, ಆಮೇಲೆ ಕತ್ತರಿಸಿ ಒಳಗೆ ಬೀಳುತ್ತದೆ. ವಯಸ್ಸಾದವರು ಬಟನ್ ಒತ್ತಿ, ದೀಪ ಉರಿದ ಕೂಡಲೇ ತಿರುಗಿ ಹೊರಟುಬಿಡುತ್ತಾರೆ. ಚೀಟಿ ನೋಡಿರುವುದಿಲ್ಲ. ಹೊರಗೆ ಯಾರಾದರೂ "ಯಾರ ಹೆಸರು ಬಂತು?" ಅಂತ ಕೇಳಿದರೆ "ಏನೂ ಕಾಣಲೇ ಇಲ್ಲಪ್ಪ" ಅನ್ನುತ್ತಾರೆ. ಅಲ್ಲಿಂದ ಮಾತು ಬೆಳೆಯುತ್ತದೆ. ಹಾಗಾಗಿ ನಮ್ಮ ಬೂತಿನಲ್ಲಿ ಬೆರಳಿಗೆ ಇಂಕು ಹಚ್ಚುವ ಟೇಬಲ್ಲಿನಲ್ಲೇ ಪ್ರತಿಯೊಬ್ಬರಿಗೂ ಹೇಳುವ ವ್ಯವಸ್ಥೆ ಮಾಡಿಕೊಂಡೆ: "ಅಮ್ಮಾ, ಬಟನ್ ಒತ್ತಿದ ತಕ್ಷಣ ಬರಬೇಡಿ. ಪಕ್ಕದ ಪೆಟ್ಟಿಗೆ ಗಾಜಿನಲ್ಲಿ ಚೀಟಿ ನೋಡಿ. ಉದ್ದಕ್ಕೆ ಬೀಪ್ ಅಂದ ಮೇಲೆ ಬನ್ನಿ." ಸಾಲು ಸ್ವಲ್ಪ ನಿಧಾನವಾಗುತ್ತದೆ. ಆಗಲಿ.

ನಿಜವಾಗಿಯೂ ಬೇರೆ ಚಿಹ್ನೆ ಬಂತು ಅಂತ ಯಾರಾದರೂ ದೂರಿದರೆ ಅದಕ್ಕೆ 49ಎಂಎ ಅನ್ನುವ ನಿಯಮ ಇದೆ. ಅವರಿಂದ ಲಿಖಿತ ಘೋಷಣೆ ಪಡೆದು, ಏಜೆಂಟರ ಎದುರಿಗೆ ಒಂದು ಪರೀಕ್ಷಾ ವೋಟು ಹಾಕಿಸಬೇಕು. ದೂರು ನಿಜವಾದರೆ ಮತದಾನ ಅಲ್ಲೇ ನಿಲ್ಲಿಸಿ ಚುನಾವಣಾಧಿಕಾರಿಗೆ ತಿಳಿಸಬೇಕು. ಸುಳ್ಳಾದರೆ ದೂರಿದವರ ಮೇಲೆ ಕೇಸು. ಈ ಕೊನೆಯ ಮಾತನ್ನು ಮೊದಲೇ ಎಚ್ಚರಿಸಬೇಕು ಅಂತ ನಿಯಮವೇ ಹೇಳುತ್ತದೆ. ಅದನ್ನೇ ಗದರುವ ದನಿಯಲ್ಲಿ ಹೇಳಿದರೆ ಮುಕ್ಕಾಲು ಪಾಲು ಜನ ಸುಮ್ನೆ ಎದ್ದು ಹೋಗುತ್ತಾರೆ. ಹಾಗೆ ಕಳಿಸುವುದು ಸುಲಭ, ಆದರೆ ಅವರು ಅನುಮಾನ ಹೊತ್ತುಕೊಂಡೇ ಹೋಗುತ್ತಾರೆ. ನಾನು ಕುರ್ಚಿ ಹಾಕಿ ಕೂರಿಸಿ, ಏನು ನೋಡಿದಿರಿ ಅಂತ ಪೂರ್ತಿ ಕೇಳಿ, ಆಮೇಲೆ ನಿಯಮ ಓದುತ್ತೇನೆ. ದಂಡದ ಭಯ ಇಲ್ಲದೆ ದೂರು ಕೊಡುವ ದಾರಿ ಇರಬೇಕು ಅನ್ನುವುದು ನನ್ನ ಸ್ವಂತ ಅಭಿಪ್ರಾಯ. ತಾನು ನೋಡಿದ್ದನ್ನು ಹೇಳಲು ಮತದಾರ ಹೆದರಬಾರದು, ಅಲ್ವಾ?

ಮಿಷನ್ ಕೈಕೊಟ್ಟಾಗ ಇನ್ನೂ ಹುಷಾರಾಗಿರಬೇಕು. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಾಯಿಸುತ್ತಾರೆ. ಉಳಿದೆರಡರಲ್ಲಿ ಒಂದು ಕೆಟ್ಟರೂ ಪೂರ್ತಿ ಸೆಟ್ ಬದಲಾಗುತ್ತದೆ, ಹೊಸದರಲ್ಲಿ ಮತ್ತೆ ಮಾಕ್ ಪೋಲ್ ಆಗಬೇಕು. ಬದಲಿ ಮಿಷನ್ ಸೆಕ್ಟರ್ ಆಫೀಸರ, ಅಂದರೆ ಹಲವು ಬೂತುಗಳನ್ನು ನೋಡಿಕೊಳ್ಳುವ ಅಧಿಕಾರಿಯ, ಜೀಪಿನಲ್ಲಿ ಇರುತ್ತದೆ. ಜನರಿಗೆ ಕಾಣುವುದು ಇಷ್ಟೇ: ಮತದಾನ ನಡೆಯುತ್ತಿರುವಾಗ ಒಂದು ಜೀಪು, ಅದರೊಳಗೆ ಇವಿಎಂ. 2023ರ ಮೇ 10ರಂದು ವಿಧಾನಸಭೆ ಚುನಾವಣೆಯ ದಿನ ವಿಜಯಪುರ ಜಿಲ್ಲೆಯ ಮಸಬಿನಾಳದಲ್ಲಿ ಊರಿನವರು ಹೀಗೇ ವಾಹನ ತಡೆದು ಮಿಷನ್‌ಗಳನ್ನು ಒಡೆದುಹಾಕಿದರು. ಒಡೆದದ್ದು ಬಳಸದ, ಕಾಯ್ದಿರಿಸಿದ ಮಿಷನ್‌ಗಳನ್ನು. ಆ ಸುದ್ದಿ ಓದಿದ ಮೇಲೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಬೆಳಿಗ್ಗೆಯೇ ಏಜೆಂಟರಿಗೆ, ಸಾಲಿನಲ್ಲಿ ನಿಂತ ಹಿರಿಯರಿಗೆ, ರಿಸರ್ವ್ ಮಿಷನ್ ಅಂದರೇನು, ಅದು ಯಾಕೆ ಓಡಾಡುತ್ತದೆ ಅಂತ ಹೇಳುತ್ತೇನೆ. ಜೀಪು ಬಂದ ಮೇಲೆ ವಿವರಿಸಿದರೆ ಅದು ಸಬೂಬಿನ ಹಾಗೆ ಕೇಳಿಸುತ್ತದೆ.

2024ರ ಏಪ್ರಿಲ್ 26 ನನಗೆ ಚೆನ್ನಾಗಿ ನೆನಪಿದೆ. ಕರ್ನಾಟಕದ 14 ಲೋಕಸಭಾ ಕ್ಷೇತ್ರಗಳಲ್ಲಿ ಅಂದು ಮತದಾನ, ನಾನು ಡ್ಯೂಟಿಯಲ್ಲಿದ್ದೆ. ವಿವಿಪ್ಯಾಟ್ ಚೀಟಿಗಳನ್ನೆಲ್ಲ ಎಣಿಸಬೇಕು ಅನ್ನುವ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅಂದೇ. ನಡುವೆ ಬದಲಿ ಏಜೆಂಟ್ ಆಗಿ ಬಂದ ಒಬ್ಬರು ಸುದ್ದಿ ತಂದರು. "ನೋಡಿ ಸಾರ್, ಕೋರ್ಟೂ ಕೈಬಿಟ್ಟಿತು" ಅಂದರು. ಆ ತೀರ್ಪಿನಲ್ಲಿ ಇನ್ನೂ ಎರಡು ಮಾತಿದ್ದವು. ವಿವಿಪ್ಯಾಟ್‌ಗೆ ಚಿಹ್ನೆ ತುಂಬಿಸುವ ಯಂತ್ರಗಳನ್ನು ಸೀಲ್ ಮಾಡಿ ಫಲಿತಾಂಶದ ನಂತರ 45 ದಿನ ಇಡಬೇಕು. ಎರಡನೇ, ಮೂರನೇ ಸ್ಥಾನ ಬಂದ ಅಭ್ಯರ್ಥಿಗಳು ಏಳು ದಿನದೊಳಗೆ ಕೇಳಿದರೆ ಪ್ರತಿ ವಿಧಾನಸಭಾ ಕ್ಷೇತ್ರದ ಶೇ. 5ರಷ್ಟು ಮಿಷನ್‌ಗಳನ್ನು ಪರೀಕ್ಷೆಗೆ ಒಡ್ಡಬೇಕು. ಅನುಮಾನ ಪಡುವವರು ಎತ್ತಿದ ಪ್ರಶ್ನೆಗಳಿಂದಲೇ ಇದೆಲ್ಲ ಬಂದದ್ದು. ವಿವಿಪ್ಯಾಟ್ ಕೂಡ ಹಾಗೆಯೇ. ಅದು 2013ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಗಟ್ಟಿಯಾಯಿತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಬೂತಿನ ಚೀಟಿ ಎಣಿಸುವ ಪದ್ಧತಿಯೂ 2019ರಲ್ಲಿ ಕೋರ್ಟಿನಿಂದಲೇ ಬಂತು. ಪ್ರಶ್ನೆ ಕೇಳುವವರನ್ನು ದೇಶದ್ರೋಹಿಗಳ ಹಾಗೆ ನೋಡುವ ಸಹೋದ್ಯೋಗಿಗಳಿಗೆ ನಾನು ಇದನ್ನೇ ಹೇಳುವುದು.

ನನ್ನ ಮಾತಿಗೆ ಮಿತಿ ಇದೆ. ಮಾಕ್ ಪೋಲ್‌ನಿಂದ ಹಿಡಿದು ಮಿಷನ್ ಸೀಲ್ ಮಾಡುವವರೆಗೆ ಏನಾಯಿತು ಅಂತ ನಾನು ಎದೆ ತಟ್ಟಿ ಹೇಳಬಲ್ಲೆ. ಅದಕ್ಕೂ ಮೊದಲು ಚಿಹ್ನೆ ತುಂಬಿಸಿದ್ದು, ಆಮೇಲೆ ಎಣಿಕೆಯವರೆಗೆ ಸ್ಟ್ರಾಂಗ್ ರೂಮಿನಲ್ಲಿ, ಅಂದರೆ ಭದ್ರತಾ ಕೊಠಡಿಯಲ್ಲಿ, ಇಟ್ಟದ್ದು ನನ್ನ ಕಣ್ಣೆದುರು ಆದದ್ದಲ್ಲ. ಅಲ್ಲಿಯೂ ಪಕ್ಷದವರು ಕೂರಬಹುದು, ಕೂರಬೇಕು. ಮತ್ತೆ, ಕೇಳಿದಾಗ ಕೂಡಲೇ ವಿವರ ಕೊಡುವ ಅಭ್ಯಾಸ ನಮ್ಮ ಕಡೆಯೂ ಬೆಳೆಯಬೇಕು. 2024ರ ಹರಿಯಾಣ ಎಣಿಕೆಯಲ್ಲಿ ದಿನವಿಡೀ ಬಳಸಿದ ಮೇಲೂ ಕೆಲವು ಮಿಷನ್‌ಗಳ ಬ್ಯಾಟರಿ ಶೇ. 99 ತೋರಿಸುತ್ತಿದೆ ಅಂತ ದೊಡ್ಡ ವಿವಾದವಾಯಿತು. ವೋಲ್ಟೇಜ್ 7.4ಕ್ಕಿಂತ ಮೇಲಿರುವವರೆಗೂ ಪರದೆ 99 ಅಂತಲೇ ತೋರಿಸುತ್ತದೆ ಅಂತ ಚುನಾವಣಾ ಆಯೋಗ ಆಮೇಲೆ ವಿವರಿಸಿತು. ಈ ಒಂದು ಸಾಲು ಏಜೆಂಟರ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಸಂಜೆಯ ಕೆಲಸ 17ಸಿ, ಅಂದರೆ ಬೂತಿನಲ್ಲಿ ಬಿದ್ದ ವೋಟಿನ ಲೆಕ್ಕದ ನಮೂನೆ. ಆರು ಗಂಟೆಗೆ ಸಾಲಿನಲ್ಲಿರುವವರಿಗೆ ಕೊನೆಯವರಿಂದ ಶುರು ಮಾಡಿ ಚೀಟಿ ಕೊಟ್ಟು, ಎಲ್ಲರ ವೋಟು ಮುಗಿದ ಮೇಲೆ ಕ್ಲೋಸ್ ಒತ್ತುತ್ತೇವೆ. 17ಎ ರಿಜಿಸ್ಟರಿನಲ್ಲಿ ಸಹಿ ಮಾಡಿದವರ ಲೆಕ್ಕ, ಮಿಷನ್ನಿನ ಟೋಟಲ್, ಎರಡೂ 17ಸಿ ನಮೂನೆಗೆ ಬರುತ್ತವೆ. ಸಹಿ ಮಾಡಿ ವೋಟು ಹಾಕದೆ ಹೋದವರಿದ್ದರೆ ಅದಕ್ಕೂ ಕಾಲಂ ಇದೆ. ಹಸಿರು ಸೀಲಿನ ನಂಬರೂ ಅದರಲ್ಲೇ. ಇದರ ದೃಢೀಕೃತ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ಕೊಟ್ಟು ರಸೀದಿ ಪಡೆಯುವುದು ನನ್ನ ಕರ್ತವ್ಯ, 49ಎಸ್ ನಿಯಮದ ಪ್ರಕಾರ. ಕೊಡಲು ನಾನು ಸಿದ್ಧ, ಆದರೆ ತೆಗೆದುಕೊಳ್ಳಲು ಆ ಹೊತ್ತಿಗೆ ಜನವೇ ಇರುವುದಿಲ್ಲ. ಬೆಳಿಗ್ಗೆ ಮಿಷನ್ ಮೇಲೆ ಬೆರಳು ತೋರಿಸಿ ಮಾತಾಡಿದವರೂ ಐದೂವರೆಗೆ ಮನೆಗೆ ಹೋಗಿರುತ್ತಾರೆ.

2024ರಲ್ಲಿ ಮತದಾನದ ಶೇಕಡಾವಾರು ಆಮೇಲೆ ಏರಿತು ಅಂತ ದೇಶವೆಲ್ಲ ಗದ್ದಲವಾದಾಗ, ಬೂತುವಾರು ಲೆಕ್ಕ ಯಾರ ಹತ್ತಿರ ಇದೆ ಅನ್ನುವ ಪ್ರಶ್ನೆಗೆ ಉತ್ತರ ಈ ಒಂದು ಹಾಳೆಯೇ ಆಗಿತ್ತು. ಪ್ರತಿ ಬೂತಿಗೂ ಏಜೆಂಟ್ ಇಡಲಾಗದ ಸಣ್ಣ ಪಕ್ಷಗಳಿಗೆ, ಪಕ್ಷೇತರರಿಗೆ ಅದು ಸಿಗುವುದೇ ಇಲ್ಲ. ಅವರಿಗಾಗಿ 17ಸಿ ಮೊದಲ ಭಾಗವನ್ನು ಮರುದಿನವೇ ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ. ಅದರಲ್ಲಿ ಯಾರು ಯಾರಿಗೆ ವೋಟು ಹಾಕಿದರು ಅಂತ ಇರುವುದಿಲ್ಲ, ಮುಚ್ಚಿಡಲು ಏನೂ ಇಲ್ಲ.

ಮುಂದಿನ ಸಲ ಏಜೆಂಟ್ ಆಗಿ ಕೂರುವವರು ಮೂರು ಅಂಕಿಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಕಂಟ್ರೋಲ್ ಯೂನಿಟ್ ನಂಬರ್, ಹಸಿರು ಸೀಲಿನ ನಂಬರ್, ಕ್ಲೋಸ್ ಆದಾಗಿನ ಟೋಟಲ್. 17ಸಿ ಪ್ರತಿಯ ಜೊತೆ ಅದನ್ನು ಪಿನ್ ಮಾಡಿ, ನಿಮ್ಮ ಪಕ್ಷದ ಎಣಿಕೆ ಏಜೆಂಟರಿಗೆ ಅದೇ ವಾರ ತಲುಪಿಸಿ. ಎಣಿಕೆ ಟೇಬಲ್ಲಿನಲ್ಲಿ ರಿಸಲ್ಟ್ ಬಟನ್ ಒತ್ತುವ ಮೊದಲು ಈ ಮೂರನ್ನೂ ತಾಳೆ ನೋಡಲು ಅವರಿಗೆ ಹಕ್ಕಿದೆ. ಒಂದು ಅಂಕಿ ಹೊಂದದಿದ್ದರೂ ಅಲ್ಲೇ, ಆಗಲೇ, ಬರವಣಿಗೆಯಲ್ಲಿ ಆಕ್ಷೇಪ ಕೊಡಬೇಕು.