ಐದು ಬ್ಯಾಂಡ್, ಒಂದೇ ಡ್ರಮ್ ಸೆಟ್: ಹುಬ್ಬಳ್ಳಿಯಲ್ಲಿ ರಾಕ್ ಸಂಜೆ ಮಾಡಿದ ನನ್ನ ಅನುಭವ

"ಗಂಗೂಬಾಯಿ ಹಾನಗಲ್ಲರ ಊರಾಗ ರಾಕ್‌ಗೆ ರೊಕ್ಕ ಕೊಟ್ಟು ಯಾರ್ ಬರ್ತಾರೋ?" ಅಂತ ಕೇಳಿದವರೇ ಜಾಸ್ತಿ. ಅವರಲ್ಲಿ ಇಬ್ಬರು ಮೊನ್ನೆ ಟಿಕೆಟ್ ಇಲ್ಲದೆ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಿಟ್ಟೆ, ಆದರೆ 250 ರೂಪಾಯಿ ತಗೊಂಡೇ ಬಿಟ್ಟೆ.

ಪಿಎ (ಜನರಿಗೆ ಕೇಳಿಸುವ ಸ್ಪೀಕರ್ ವ್ಯವಸ್ಥೆ) ಕಟ್ಟೋದು, ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರ್‌ಗೆ ಜೋಡಿಸುವ ಡಬ್ಬಿ) ಎಲ್ಲಿ ಹಾಕಬೇಕು ಅನ್ನೋದೆಲ್ಲ ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ. ನಾನು ಹೇಳೋದು ಎರಡು ಬ್ಯಾಂಡ್‌ಗಳ ನಡುವಿನ ಗ್ಯಾಪ್ ಬಗ್ಗೆ. ನಮ್ಮ ಕಡೆ ಇಂಥ ಕಾರ್ಯಕ್ರಮಗಳು ಮಕಾಡೆ ಮಲಗೋದು ಅಲ್ಲೇ.

ಮೊದಲು ದುಡ್ಡು ಹೋದ ಕಥೆ. ಹಿಂದಿನ ಸಲ ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೆವು. ಒಂದು ತೆರೆದ ಲಾನ್, ಬೆಂಗಳೂರಿನಿಂದ ಹೆಸರು ಮಾಡಿದ ಒಂದು ಬ್ಯಾಂಡ್, ಅದಕ್ಕೂ ಮುಂಚೆ ಊರಿನ ಮೂರು ತಂಡ. ಫೀಸು, ರೈಲು, ಲಾಡ್ಜ್ ಸೇರಿ ಬೆಂಗಳೂರಿನವರಿಗೇ ನಲವತ್ತು ಸಾವಿರದ ಹತ್ತಿರ. ಪ್ರತಿ ತಂಡವೂ ತನ್ನದೇ ಡ್ರಮ್ ಸೆಟ್ ತಂದಿತ್ತು. ಒಂದನ್ನು ಬಿಚ್ಚಿ, ಇನ್ನೊಂದನ್ನು ಕಟ್ಟಿ, ಮೈಕ್ ಹಚ್ಚಿ, "ಚೆಕ್ ಚೆಕ್" ಅನ್ನುವಷ್ಟರಲ್ಲಿ ಮುಕ್ಕಾಲು ತಾಸು. ಎರಡನೇ ಗ್ಯಾಪ್‌ನಲ್ಲಿ ಚಹಾ ಕುಡಿಯೋಕೆ ಅಂತ ಹೊರಗೆ ಹೋದ ಜನ ಹಾಗೇ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋದರು. ಬೆಂಗಳೂರಿನವರು ಸ್ಟೇಜಿಗೆ ಬಂದಾಗ ಒಂಬತ್ತೂ ಮುಕ್ಕಾಲು. ಬಯಲಲ್ಲಿ ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಆಗಬೇಕು, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. ಮೂರು ಹಾಡಿಗೆ ಮುಗಿಯಿತು. ಕೈಯಿಂದ ಹೋದದ್ದು ಐವತ್ತು ಸಾವಿರದ ಆಸುಪಾಸು.

ಈ ಸಲ ಹೊರಗಿನ ಹೆಸರೇ ಬೇಡ ಅಂದೆವು. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಬೆಳಗಾವಿಯಿಂದ ಒಂದೊಂದು ತಂಡ. ಎಲ್ಲರೂ ಸ್ವಂತ ಹಾಡು ಮಾಡುವವರು. ಹಾಲ್ ಅಂದರೆ ಗೋಕುಲ ರೋಡ್ ಕಡೆಯ ಒಂದು ಮದುವೆ ಕಾರ್ಯಾಲಯ. ಆಷಾಢದಲ್ಲಿ ಮದುವೆ ಇಲ್ಲ ಅಲ್ವಾ, ಬಾಡಿಗೆ ಅರ್ಧಕ್ಕೆ ಬರುತ್ತದೆ. 15 ಸಾವಿರಕ್ಕೆ ಮುಗಿಸಿದೆ. ಕೊನೆಯ ಮೂರು ಸಾವಿರ ಹೇಗೆ ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಮುಚ್ಚಿದ ಸಭಾಂಗಣಕ್ಕೆ ಹತ್ತು ಗಂಟೆಯ ನಿಯಮದಿಂದ ವಿನಾಯಿತಿ ಇದೆ. ಆದರೂ ಅನುಮತಿ ಪತ್ರ ಕೈಯಲ್ಲಿ ಇಟ್ಟುಕೊಂಡೇ ಇದ್ದೆ, ಒಂಬತ್ತೂಕಾಲಿಗೆ ಮುಗಿಸಿಯೂ ಬಿಟ್ಟೆವು. ಬಸ್ಸಿನ ಚಿಂತೆ ಇರುವ ಜನ ಹಾಡು ಕೇಳೋದಿಲ್ಲ, ಗಡಿಯಾರ ನೋಡ್ತಾರೆ.

ಕಾರ್ಯಾಲಯದ ತೊಂದರೆ ನಿಮಗೆ ಗೊತ್ತೇ ಇದೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್. ಒಂದು ಚಪ್ಪಾಳೆ ತಟ್ಟಿದರೆ ಎರಡು ಸೆಕೆಂಡ್ ಗುಂಯ್‌ಗುಡುತ್ತದೆ. ಬಾಡಿಗೆಗೆ ಪರದೆ ಕೇಳಿದರೆ ಒಂಬತ್ತು ಸಾವಿರ ಅಂದರು. ನಾನು ಕುಂದಗೋಳಕ್ಕೆ ಹೋಗಿ ಅತ್ತೆಯಿಂದ, ಅವರ ಓಣಿಯವರಿಂದ ನಲವತ್ತರ ಹತ್ತಿರ ಕೌದಿ ತಂದೆ. "ಹೊತ್ಕೊಳ್ಳೋ ಕೌದಿ ಗ್ವಾಡಿಗೆ ಹಾಕ್ತಾರೇನೋ ತಮ್ಮಾ?" ಅಂತ ಅತ್ತೆ ನಕ್ಕರು. ಐದಾರು ಪದರ ಹಳೆ ಸೀರೆ, ಮೇಲೆ ಒತ್ತೊತ್ತಾಗಿ ದಾರದ ಹೊಲಿಗೆ. ಇದಕ್ಕಿಂತ ಒಳ್ಳೆ ಸಾಮಾನು ಆ ರೇಟಿಗೆ ಸಿಗೋದಿಲ್ಲ. ಗೋಡೆಗೆ ಅಂಟಿಸಿ ಹಾಕಬೇಡಿ. ಒಂದು ಗೇಣು ಜಾಗ ಬಿಟ್ಟು ಹಗ್ಗಕ್ಕೆ ಹಾಕಿ. ಮೊದಲು ಜನರ ಬೆನ್ನ ಹಿಂದಿನ ಗೋಡೆ, ಆಮೇಲೆ ಡ್ರಮ್ ಹಿಂದೆ ಎರಡು ಪದರ. ಸಿಂಬಲ್‌ನ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಚೀರಾಟ ಅರ್ಧಕ್ಕರ್ಧ ಇಳಿಯಿತು.

ಬೇಸ್, ಅಂದರೆ ಗುಡುಗಿನಂಥ ದಪ್ಪ ಸದ್ದು, ಮಾತ್ರ ಬಟ್ಟೆಗೆ ಬಗ್ಗೋದಿಲ್ಲ. ಮೂಲೆಗಳಲ್ಲಿ ಹತ್ತಿ ತುಂಬಿದ ಗೋಣಿಚೀಲ ಇಟ್ಟು ನೋಡೋಣ ಅಂತ ನಾಲ್ಕು ಚೀಲ ತಂದಿದ್ದೆ. ಬೆಂಕಿಯ ಭಯಕ್ಕೆ ಮ್ಯಾನೇಜರ್ ಒಳಗೇ ಬಿಡಲಿಲ್ಲ. ಅವರು ಹೇಳಿದ್ದೂ ಸರಿಯೇ. ಆ ಹತ್ತಿ ಈಗ ನಮ್ಮ ಮನೆಯ ಗಾದಿಯಲ್ಲಿದೆ. ಹಾಗಾಗಿ ಬೇಸ್ ಬಾಕ್ಸನ್ನೇ ಕಡಿಮೆ ಮಾಡಿದೆವು. ಸೌಂಡ್‌ನವರು ಗಣಪತಿ ಮೆರವಣಿಗೆಯ ಲೆಕ್ಕದಲ್ಲಿ ಎಂಟು ಡಬಲ್ ಹದಿನೆಂಟಿಂಚು ಬೇಸ್ ಬಾಕ್ಸ್ (ಒಂದೊಂದರಲ್ಲಿ ಹದಿನೆಂಟಿಂಚಿನ ಎರಡು ಸ್ಪೀಕರ್) ತಂದಿದ್ದರು. ಹಚ್ಚಿದ್ದು ಎರಡೇ. "ಸರ, ಎರಡ ಬೇಸ್ ಹಚ್ಚಿದ್ರ ನನ್ನ ಹೆಸರು ಹಾಳಾಗ್ತೈತ್ರಿ" ಅಂತ ಅವರು ಕೈ ಮುಗಿದರು. ಮೊದಲ ಬ್ಯಾಂಡ್‌ನ ಕಿಕ್ಕೂ (ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್) ಬೇಸ್ ಗಿಟಾರೂ ಬೇರೆ ಬೇರೆಯಾಗಿ ಕೇಳಿದಾಗ ಸುಮ್ಮನಾದರು.

ಇನ್ನು ಗ್ಯಾಪ್. ಎಲ್ಲರಿಗೂ ಒಂದೇ ಡ್ರಮ್ ಸೆಟ್, ಎರಡೇ ಗಿಟಾರ್ ಆಂಪ್ (ಗಿಟಾರಿನ ಸ್ಪೀಕರ್ ಪೆಟ್ಟಿಗೆ). ಬೇಸ್ ಗಿಟಾರ್ ನೇರ ಡಿಐಗೆ. ಸ್ನೇರ್ (ಟಕಟಕ ಅನ್ನುವ ಚಿಕ್ಕ ಡ್ರಮ್), ಸಿಂಬಲ್, ಕಿಕ್ ಪೆಡಲ್ ಮಾತ್ರ ಅವರವರದ್ದು. "ನನ್ನ ಸೆಟ್ ಇಲ್ಲದೆ ನುಡಿಸೋದಿಲ್ಲ" ಅಂದ ಒಬ್ಬನನ್ನು ಕೈಬಿಟ್ಟೆವು. ಸೌಂಡ್‌ಚೆಕ್ ಉಲ್ಟಾ: ಕೊನೆಯ ಬ್ಯಾಂಡ್ ಮೊದಲು, ಮೊದಲ ಬ್ಯಾಂಡ್ ಕೊನೆಗೆ. ಆಗ ಮೊದಲ ಬ್ಯಾಂಡ್‌ನ ಸಾಮಾನು ಜೋಡಿಸಿದ ಹಾಗೇ ಉಳಿಯುತ್ತದೆ. ಒಬ್ಬೊಬ್ಬರದು ಮುಗಿದ ಹಾಗೆ ಎಕ್ಸ್32 ಮಿಕ್ಸರ್‌ನಲ್ಲಿ ಆ ತಂಡದ ಸೀನ್ (ಸೆಟ್ಟಿಂಗ್) ಸೇವ್. ಡ್ರಮ್ ಕೆಳಗಿನ ಜಮಖಾನೆಗೆ ಪ್ರತಿ ಡ್ರಮ್ಮರ್‌ಗೆ ಒಂದು ಬಣ್ಣದ ಟೇಪ್. ಸ್ಟ್ಯಾಂಡು, ಸೀಟು, ಮೈಕಿನ ಕಾಲು ಎಲ್ಲದಕ್ಕೂ ಗುರುತು. ಮುಂದಿನ ತಂಡದ ಪೆಡಲ್‌ಬೋರ್ಡ್‌ಗಳು (ಗಿಟಾರ್ ಸದ್ದು ಬದಲಿಸುವ ಪೆಡಲ್‌ಗಳ ಹಲಗೆ) ಸ್ಟೇಜಿನ ಪಕ್ಕದ ಮೇಜಿನ ಮೇಲೆ ಕರೆಂಟ್ ಹಚ್ಚಿಕೊಂಡು ಕಾಯುತ್ತಿರಬೇಕು. ಎತ್ತಿ ಇಡೋದಷ್ಟೇ ಕೆಲಸ. ಎಡಗೈ ಡ್ರಮ್ಮರ್ ಇದ್ದರೆ ಮೊದಲಿಗೋ ಕೊನೆಗೋ ಹಾಕಿ. ನಡುವೆ ಹಾಕಿದರೆ ಸೆಟ್ ಎರಡು ಸಲ ತಿರುಗಿಸಬೇಕಾಗುತ್ತದೆ. ಮುಕ್ಕಾಲು ತಾಸಿನ ಗ್ಯಾಪ್ ಹತ್ತು ನಿಮಿಷದ ಒಳಗೆ ಬಂತು. ಉಳಿದ ಬ್ಯಾಂಡ್‌ಗಳನ್ನು ಯಾವ ಲೆಕ್ಕದಲ್ಲಿ ಸಾಲು ಹಾಕಿದೆ ಅನ್ನೋದನ್ನು ಮಾತ್ರ ಕೇಳಬೇಡಿ.

ಗ್ಯಾಪ್ ತುಂಬೋಕೆ ಒಬ್ಬ ಹಿಂದೂಸ್ತಾನಿ ಕಲಿಯುವ ಹುಡುಗನಿಂದ ಪರದೆಯ ಮುಂದೆ ಒಂದು ಚೀಜ್ (ರಾಗದ ಬಂದಿಶ್) ಹಾಡಿಸಿ ನೋಡಿದೆ. ಚೆನ್ನಾಗಿಯೇ ಹಾಡಿದ. ಹಿಂದೆ ಸ್ನೇರ್ ಟ್ಯೂನ್ ಮಾಡುವ ಟಕಟಕ ನಡೆದಿತ್ತು, ಪಾಪ. ಎರಡನೇ ಗ್ಯಾಪ್‌ಗೆ ಅದನ್ನು ಬಿಟ್ಟು ಹೊರಗಿದ್ದ ಗಿರ್ಮಿಟ್, ಮಿರ್ಚಿ ಕೌಂಟರನ್ನು ಹಾಲ್ ಒಳಗೇ ಹಿಂದಿನ ಮೂಲೆಗೆ ತಂದೆವು. ಜನ ಹೊರಗೆ ಹೋಗಲೇ ಇಲ್ಲ. ಈರುಳ್ಳಿ ವಾಸನೆಗೆ ಬೆಳಗಾವಿಯ ಗಾಯಕ ಸ್ವಲ್ಪ ಮುಖ ಸಿಂಡರಿಸಿದ, ಆಮೇಲೆ ಅವನೇ ಎರಡು ಪ್ಲೇಟ್ ತಿಂದ.

ಕರೆಂಟ್ ಬಗ್ಗೆ ಒಂದು ಮಾತು. ಲೈಟಿಗೆ ಹಾಲ್‌ನ ಕರೆಂಟ್, ಸೌಂಡಿಗೂ ಆಂಪಿಗೂ ಜನರೇಟರ್. ಎರಡನ್ನೂ ಕೂಡಿಸಿದರೆ ಲೈಟಿನ ಡಿಮ್ಮರ್ ಏರಿಸಿದಾಗಲೆಲ್ಲ ಗಿಟಾರ್‌ನಲ್ಲಿ ಝುಂಯ್ ಅನ್ನುತ್ತದೆ. ಚೆಕ್ ಮಾಡುವಾಗ ಗಿಟಾರ್ ಹಿಡಿದು ಹಾಡುವವನ ತುಟಿ ಮೈಕಿಗೆ ತಾಗಿ ಚುರ್ ಅಂದಿತು. ನೋಡಿದರೆ ಜನರೇಟರ್‌ಗೆ ಅರ್ಥಿಂಗೇ ಕೊಟ್ಟಿರಲಿಲ್ಲ. ರಾಡ್ ಹೊಡೆದು, ಎರಡು ಕೊಡ ಉಪ್ಪುನೀರು ಸುರಿದ ಮೇಲೆ ಸರಿಹೋಯಿತು. ಟೆಸ್ಟರ್ ಜೇಬಲ್ಲಿ ಇಲ್ಲದೆ ಹಾಡುವವರನ್ನು ಮೈಕ್ ಹತ್ತಿರ ಬಿಡಬೇಡಿ.

ಹಾವೇರಿಯವರು ಶಿಶುನಾಳ ಷರೀಫರ ತತ್ವಪದ ಹಿಡಿದು ಗಿಟಾರಿಗೆ ಡಿಸ್ಟಾರ್ಷನ್ (ಒರಟು ಸದ್ದು) ಹಚ್ಚಿದಾಗ ಹಾಲ್ ಎದ್ದು ನಿಂತಿತು. ಇದರಲ್ಲಿ ದುಡ್ಡಿನ ಲೆಕ್ಕವೂ ಇದೆ. ಷರೀಫರು ತೀರಿಕೊಂಡದ್ದು 1889ರಲ್ಲಿ. ಬರೆದವರು ಹೋಗಿ 60 ವರ್ಷ ದಾಟಿದರೆ ಕೃತಿಗೆ ಹಕ್ಕು ಉಳಿಯೋದಿಲ್ಲ. ಆದರೆ ಸಿ. ಅಶ್ವತ್ಥ್ ಹಾಕಿದ ಧಾಟಿ ಹಿಡಿದರೆ ಲೆಕ್ಕ ಬೇರೆ. ಈ ಹುಡುಗರು ಹಾಡಿದ್ದು ತಾವೇ ಹಾಕಿದ ಧಾಟಿಯಲ್ಲಿ.

ಖರ್ಚು, ಸಾವಿರದ ಲೆಕ್ಕದಲ್ಲಿ: ಹಾಲ್ 15, ಸೌಂಡ್ 28, ಡೀಸೆಲ್ ಸೇರಿ ಜನರೇಟರ್ 7, ಡ್ರಮ್ ಸೆಟ್ 3, ಪೋಸ್ಟರ್, ಊಟ, ಓಡಾಟ 7. ಒಟ್ಟು 60 ಸಾವಿರ, ಸ್ವಲ್ಪ ಆಚೀಚೆ. ಟಿಕೆಟ್ 420ರ ಹತ್ತಿರ ಹೋದವು, ಒಂದು ಲಕ್ಷದ ಮೇಲೆ ಬಂತು. ಬ್ಯಾಂಡ್‌ಗಳಿಗೆ ಫೀಸಿಲ್ಲ. ತಾವೇ ಮಾರಿದ ಪ್ರತಿ ಟಿಕೆಟ್‌ಗೆ 100 ರೂಪಾಯಿ ಅವರದು. "ಯಾರೂ ಒಪ್ಪೋದಿಲ್ಲ" ಅಂದಿದ್ದರು. ಗದಗಿನ ಇಬ್ಬರೇ ಇರುವ ತಂಡ ನೂರರ ಹತ್ತಿರ ಮಾರಿತು! ಬ್ಯಾಂಡ್‌ಗಳ ಪಾಲು ಸುಮಾರು 32 ಸಾವಿರ, ಅದೇ ರಾತ್ರಿ ಎಣಿಸಿ ಕೊಟ್ಟೆ. ನನಗೆ ಉಳಿದದ್ದು ಹನ್ನೆರಡೋ ಹದಿಮೂರೋ ಸಾವಿರ. ಹಳೆ ಸಾಲ ಇನ್ನೂ ಇದೆ, ಇರಲಿ.

ಮುಂದಿನದು ಹಾವೇರಿಯಲ್ಲಿ. ಹಾಲ್ ನೋಡಿ ಬಂದಿದ್ದೇನೆ, ಮೇಲೆ ತಗಡು. ಮಳೆ ಬಂದರೆ ಕಥೆ ಮುಗಿಯಿತು. ಅದಕ್ಕೇ ಧನುರ್ಮಾಸಕ್ಕೆ ಇಟ್ಟಿದ್ದೇವೆ. ಆವಾಗ ಮಳೆಯೂ ಇಲ್ಲ, ಮದುವೆಯೂ ಇಲ್ಲ. ಕೌದಿ ಮಾತ್ರ ಈ ಸಲ ಅರವತ್ತಾದರೂ ಬೇಕು, ಆ ಚಳಿಯಲ್ಲಿ ಓಣಿಯವರು ಕೊಡಬೇಕಲ್ಲ.